ಹಾರಲಾರದ ಹಕ್ಕಿಗಳು

ವಿಕಾಸದ ಹಾದಿಯಲ್ಲಿ ಹಾರುವ ಶಕ್ತಿಯನ್ನು ಕಳೆದುಕೊಂಡ ಪಕ್ಷಿಗಳಿಗೆ ಈ ಹೆಸರು ಸಲ್ಲುತ್ತದೆ. ಇಂದು ಬದುಕಿರುವ ಸುಮಾರು 11,000 ಪಕ್ಷಿ ಪ್ರಭೇದಗಳಲ್ಲಿ ಇಂಥವು 60ರ ಆಸುಪಾಸಿನಲ್ಲಿವೆ. ಉಷ್ಟ್ರಪಕ್ಷಿ, ಎಮು, ಕ್ಯಾಸೊವರಿ, ರಿಯಾ, ಕೀವಿ, ಪೆಂಗ್ವಿನ್‌ಗಳ ಹೆಸರನ್ನು ಬಹಳ ಮಂದಿ ಕೇಳಿರುತ್ತಾರೆ. ಇವಲ್ಲದೆ ಒಂದು ಗಿಳಿ, ಒಂದು ನೀರುಕಾಗೆ, ಕೆಲವು ಬಾತುಕೋಳಿ, ಕೆಲವು ಗುಳುಮುಳುಕ ಹಾಗೂ ಜಂಬುಕೋಳಿಯ ಬಳಗದ ಹಲವು ಹಕ್ಕಿಗಳೂ ಈ ಗುಂಪಿಗೆ ಸೇರುತ್ತವೆ. ಇವೆಲ್ಲ ಒಂದೇ ಕುಲದವಲ್ಲ. ಬೇರೆ ಬೇರೆ ಕುಟುಂಬಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾರಾಟ ಮತ್ತೆ ಮತ್ತೆ ಬಿಟ್ಟುಹೋಗಿದೆ. ಎಲ್ಲದರ ಪೂರ್ವಜರೂ ಹಾರುತ್ತಿದ್ದವೇ. ಆದ್ದರಿಂದ ಇವನ್ನು ಹಾರಲು ಇನ್ನೂ ಕಲಿಯದ ಆದಿಮ ಹಕ್ಕಿಗಳೆಂದು ಭಾವಿಸುವುದು ತಪ್ಪು.

ನಾಟಿಕೋಳಿಯನ್ನು ಈ ಸಾಲಿಗೆ ಸೇರಿಸುವವರಿದ್ದಾರೆ. ಅದು ಸಲ್ಲದು, ಸಂಜೆಯಾದರೆ ಹಾರಿ ಮರದ ಕೊಂಬೆ ಹಿಡಿಯುವ ಕೋಳಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ನವಿಲು ಹಾರುತ್ತದೆ, ಅಷ್ಟು ಭಾರದ ಎರೆಭೂತವೂ ಹಾರುತ್ತದೆ. ಬಾತುಕೋಳಿಗಳು ರೆಕ್ಕೆಗರಿಗಳನ್ನು ಒಟ್ಟಿಗೆ ಉದುರಿಸಿಕೊಂಡು ವರ್ಷದಲ್ಲಿ ಕೆಲವು ವಾರ ನೆಲ ಹಿಡಿಯುವುದುಂಟು. ಅದು ತಾತ್ಕಾಲಿಕ ಸ್ಥಿತಿ ಅಷ್ಟೆ. ಭಾರತದ ಕಾಡಿನಲ್ಲಾಗಲಿ ಕೆರೆಯಲ್ಲಾಗಲಿ ಇಂದು ಹಾರಲಾರದ ದೇಶೀ ಹಕ್ಕಿ ಒಂದೂ ಇಲ್ಲ.

ಹಾರಾಟದ ವೆಚ್ಚ

ಹಾರುವುದು ದುಬಾರಿ ಕೆಲಸ. ಹಾರುವ ಹಕ್ಕಿಯ ಮೈತೂಕದಲ್ಲಿ ಸುಮಾರು ಆರನೇ ಒಂದು ಪಾಲು ಎದೆಯ ಸ್ನಾಯುಗಳದ್ದೇ. ಈ ಸ್ನಾಯುಗಳಿಗೆ ಹಿಡಿತ ಸಿಗಲೆಂದು ಎದೆಮೂಳೆಯ ನಡುವೆ ಎತ್ತರದ ಏಣು ಎದ್ದಿರುತ್ತದೆ. ಸ್ನಾಯುವನ್ನು ಬೆಳೆಸಲೂ ಬೇಕು, ಹಕ್ಕಿ ಸುಮ್ಮನೆ ಕುಳಿತಾಗಲೂ ಅದನ್ನು ಸಾಕಬೇಕು. ಹಾರಲಾರದ ಹಕ್ಕಿಗಳು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿ ಅವುಗಳ ಹಾರುವ ನೆಂಟರಿಗಿಂತ ಕಡಿಮೆ ಎಂಬುದು ಜಂಬುಕೋಳಿ ಬಳಗದ ದ್ವೀಪವಾಸಿಗಳಲ್ಲಿ ಅಳತೆಗೆ ಸಿಕ್ಕಿರುವ ಸಂಗತಿ. ಅಟ್ಟಿಸಿಕೊಂಡು ಬರುವ ಮೃಗವಿಲ್ಲದ, ವರ್ಷವಿಡೀ ಆಹಾರ ದೊರೆಯುವ ದ್ವೀಪದಲ್ಲಿ ಈ ಉಳಿತಾಯ ಮೊಟ್ಟೆಗೆ, ಮರಿಗೆ, ಮೈಕೊಬ್ಬಿಗೆ ಸಲ್ಲುತ್ತದೆ.

ಬದಲಾವಣೆಗೆ ಬಹಳ ಕಾಲವೂ ಬೇಕಿಲ್ಲ. ಜಂಬುಕೋಳಿ ಬಳಗದ ಮರಿಗಳಲ್ಲಿ ಕಾಲು ಬೇಗ ಬಲಿಯುತ್ತದೆ, ರೆಕ್ಕೆ ಮತ್ತು ಎದೆಯ ಏಣು ತಡವಾಗಿ ಬೆಳೆಯುತ್ತವೆ. ಆ ಕೊನೆಯ ಬೆಳವಣಿಗೆ ನಿಂತುಹೋದರೆ ಸಾಕು, ದೊಡ್ಡದಾದ ಮೇಲೂ ಮರಿಯ ರೆಕ್ಕೆಯನ್ನೇ ಹೊತ್ತ ಹಕ್ಕಿ ಸಿಗುತ್ತದೆ. ಗಲಾಪಗೋಸ್ ದ್ವೀಪಗಳ ಹಾರಲಾರದ ನೀರುಕಾಗೆಯ ರೆಕ್ಕೆ ಹಾರಲು ಬೇಕಾದ ಅಳತೆಯ ಮೂರನೇ ಒಂದರಷ್ಟಿದೆ. ಅದರ ಮೂಳೆಯ ಬೆಳವಣಿಗೆಯನ್ನು ಪ್ರಭಾವಿಸುವ ಜೀನ್‌ಗಳಲ್ಲಿ ಮಾರ್ಪಾಡುಗಳಾಗಿರುವುದನ್ನು 2017ರ ಅಧ್ಯಯನವೊಂದು ತೋರಿಸಿತು. ನ್ಯೂಜಿಲೆಂಡಿನಲ್ಲಿ ಅಳಿದುಹೋದ ಮೋವಾ ಹಕ್ಕಿಗಳಲ್ಲಿ ರೆಕ್ಕೆಯ ಈ ಕುಗ್ಗುವಿಕೆ ಕೊನೆ ಮುಟ್ಟಿತ್ತು: ಅವುಗಳ ಅಸ್ಥಿಪಂಜರದಲ್ಲಿ ರೆಕ್ಕೆಯ ಮೂಳೆಯೇ ಇಲ್ಲ.

ದೊಡ್ಡ ನೆಲಹಕ್ಕಿಗಳು

ಉಷ್ಟ್ರಪಕ್ಷಿ, ಎಮು, ಕ್ಯಾಸೊವರಿ, ರಿಯಾ, ಕೀವಿಗಳ ಎದೆಮೂಳೆ ಏಣಿಲ್ಲದೆ ಚಪ್ಪಟೆಯಾಗಿದೆ. ಈ ಲಕ್ಷಣ ನೋಡಿಯೇ ಥಾಮಸ್ ಹಕ್ಸ್‌ಲಿ 1867ರಲ್ಲಿ ಇವನ್ನು ಒಂದು ಗುಂಪಾಗಿ ಇಟ್ಟ. ಖಂಡಗಳು ಸರಿಯುತ್ತವೆ ಎಂಬ ಅರಿವು ಬಂದ ಮೇಲೆ ಸೊಗಸಾದ ವಿವರಣೆಯೊಂದು ಹುಟ್ಟಿತು: ಗೊಂಡ್ವಾನ ಮಹಾಖಂಡದಲ್ಲಿ ಹಾರಲಾರದ ಮೂಲಹಕ್ಕಿಯೊಂದಿತ್ತು, ಖಂಡ ಒಡೆದಾಗ ಒಂದೊಂದು ತುಂಡೂ ತನ್ನ ಪಾಲಿನ ಸಂತತಿಯನ್ನು ಹೊತ್ತುಕೊಂಡು ಹೋಯಿತು. ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನೇ ಹೇಳಿದವು.

ಡಿಎನ್ಎ ಈ ಕಥೆಯನ್ನು ಮುರಿಯಿತು. ದಕ್ಷಿಣ ಅಮೆರಿಕದ ಟಿನಮು ಕಷ್ಟಪಟ್ಟಾದರೂ ಹಾರುತ್ತದೆ, ಅದರ ಎದೆಯಲ್ಲಿ ಏಣಿದೆ. ಹೊರಗಿನ ನೆಂಟನೆಂದು ತಿಳಿದಿದ್ದ ಈ ಹಕ್ಕಿ ಇದೇ ಗುಂಪಿನ ಒಳಗೆ ಬರುತ್ತದೆಂದು ಗೊತ್ತಾಯಿತು. 2014ರಲ್ಲಿ ಇನ್ನೂ ದೊಡ್ಡ ಅಚ್ಚರಿ ಕಾದಿತ್ತು: ನ್ಯೂಜಿಲೆಂಡಿನ ಕೀವಿಗೆ ಅತಿ ಹತ್ತಿರದ ರಕ್ತಸಂಬಂಧಿ ಅದೇ ನಾಡಿನ ಮೋವಾ ಅಲ್ಲ, ಸಾಗರದಾಚೆ ಮಡಗಾಸ್ಕರ್‌ನಲ್ಲಿ ಅಳಿದುಹೋದ ಆನೆಹಕ್ಕಿ. ಮೋವಾಕ್ಕೆ ಹತ್ತಿರದ್ದು ಟಿನಮು. ಖಂಡಗಳ ನಕ್ಷೆಗೆ ಈ ನೆಂಟಸ್ತಿಕೆ ಹೊಂದುವುದಿಲ್ಲ. ಡೈನೋಸಾರ್‌ಗಳು ಅಳಿದ ಮೇಲೆ ತೆರವಾದ ನೆಲಕ್ಕೆ ಹಾರುವ ಪೂರ್ವಜರು ಅಲ್ಲಲ್ಲಿ ಬಂದಿಳಿದು, ಅಲ್ಲಲ್ಲೇ ಬೆಳೆದು ದೊಡ್ಡವಾಗಿ ರೆಕ್ಕೆ ಬಿಟ್ಟವು ಎನ್ನುವುದೇ ಈಗ ಹೆಚ್ಚು ಒಪ್ಪಿತವಾದ ಮಾತು.

ಬದುಕಿರುವ ಪಕ್ಷಿಗಳಲ್ಲೆಲ್ಲ ಉಷ್ಟ್ರಪಕ್ಷಿಯೇ ದೊಡ್ಡದು. ಗಂಡಿನ ಎತ್ತರ 2.7 ಮೀಟರ್ ದಾಟಬಹುದು, ತೂಕ 100 ಕಿಲೋ ಮೀರುವುದು ಸಾಮಾನ್ಯ. ಪಾದಕ್ಕೆ ಎರಡೇ ಬೆರಳು. ಓಟದ ವೇಗ ಗಂಟೆಗೆ 70 ಕಿಲೋಮೀಟರ್ ಮುಟ್ಟುತ್ತದೆ. ಅಪಾಯ ಕಂಡಾಗ ಮರಳಿನಲ್ಲಿ ತಲೆ ಹೂಳುತ್ತದೆಂಬುದು ಬರೀ ಕಟ್ಟುಕಥೆ. ಗೂಡಿನ ಮೇಲಿದ್ದಾಗ ಕತ್ತನ್ನು ನೆಲಕ್ಕೆ ಚಾಚಿ ಮಲಗುವುದನ್ನು ದೂರದಿಂದ ಕಂಡವರು ಹಾಗೆ ಹೇಳಿರಬೇಕು. ಈ ಹಕ್ಕಿ ಒಂದು ಕಾಲದಲ್ಲಿ ಭಾರತದಲ್ಲೂ ಇತ್ತು. ಮಹಾರಾಷ್ಟ್ರದ ಪಾಟಣೆಯಲ್ಲಿ ಶಿಲಾಯುಗದ ಜನ ಗೀರುಚಿತ್ರ ಕೊರೆದ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಸಿಕ್ಕಿದೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2017ರಲ್ಲಿ ಕನಿಷ್ಠ 25,000 ವರ್ಷ ಹಳೆಯ ಭಾರತೀಯ ಚಿಪ್ಪಿನಿಂದ ಡಿಎನ್ಎ ತೆಗೆದು, ಅದು ಆಫ್ರಿಕದ ಉಷ್ಟ್ರಪಕ್ಷಿಗೆ ಸಂಬಂಧಿಸಿದ್ದೇ ಎಂದು ಖಚಿತಪಡಿಸಿದರು.

ಎಮುವಿನ ಗಂಡು ಸುಮಾರು ಎಂಟು ವಾರ ಊಟ ನೀರು ಹೆಚ್ಚುಕಡಿಮೆ ಬಿಟ್ಟು ಕಾವು ಕೂರುತ್ತದೆ. 1932ರ ನವೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಬೆಳೆಗಾರರ ದೂರಿನ ಮೇಲೆ ಸೈನಿಕರು ಮೆಷಿನ್ ಗನ್ ಹಿಡಿದು ಎಮುಗಳ ಬೇಟೆಗೆ ಹೊರಟರು. ಹಿಂಡು ಚದುರಿ ಓಡುತ್ತಿದ್ದುದರಿಂದ ಗುಂಡು ಖರ್ಚಾಯಿತೇ ಹೊರತು ಹಕ್ಕಿಗಳ ಸಂಖ್ಯೆ ಇಳಿಯಲಿಲ್ಲ. ಭಾರತದಲ್ಲಿ ಎಮು ಸಾಕಣೆ ಲಾಭದ ಆಸೆ ಹುಟ್ಟಿಸಿ 2012ರ ಹೊತ್ತಿಗೆ ಕುಸಿಯಿತು. ಮಾಂಸಕ್ಕೆ ಮಾರುಕಟ್ಟೆಯೇ ಇರಲಿಲ್ಲ, ಮರಿ ಮಾರುವುದೇ ವ್ಯಾಪಾರವಾಗಿತ್ತು. ದಕ್ಷಿಣದ ರಾಜ್ಯಗಳ ಎಷ್ಟೋ ರೈತರು ಹಕ್ಕಿಗೆ ಮೇವು ಹಾಕಲಾಗದೆ ಕೈಸುಟ್ಟುಕೊಂಡರು.

ನ್ಯೂಗಿನಿ ಮತ್ತು ಈಶಾನ್ಯ ಆಸ್ಟ್ರೇಲಿಯದ ಕ್ಯಾಸೊವರಿ ಮಳೆಕಾಡಿನ ಹಣ್ಣು ತಿಂದು ಬೀಜ ಹರಡುವ ಹಕ್ಕಿ. ಅದರ ಒಳಬೆರಳಿನ ಉಗುರು ಚೂರಿಯಂತೆ ಉದ್ದ. ಒದೆತದಿಂದ ಮನುಷ್ಯರು ಸತ್ತದ್ದೂ ಇದೆ. ದಕ್ಷಿಣ ಅಮೆರಿಕದ ರಿಯಾಗಳಲ್ಲಿ ಚಿಕ್ಕ ಬಗೆಯೊಂದನ್ನು ಚಾರ್ಲ್ಸ್ ಡಾರ್ವಿನ್ ಪ್ಯಾಟಗೋನಿಯದಲ್ಲಿ ಹುಡುಕುತ್ತಿದ್ದ. ಜೊತೆಗಾರನೊಬ್ಬ ಹೊಡೆದು ತಂದ ಹಕ್ಕಿಯನ್ನು ದೊಡ್ಡ ರಿಯಾದ ಎಳೆಯದೆಂದು ಬಗೆದು ಎಲ್ಲರೂ ಬೇಯಿಸಿ ತಿಂದ ಮೇಲೆ ಅವನಿಗೆ ಹೊಳೆಯಿತು, ಹುಡುಕುತ್ತಿದ್ದುದು ಇದನ್ನೇ ಎಂದು. ಉಳಿದಿದ್ದ ತಲೆ, ಕಾಲು, ರೆಕ್ಕೆ, ಚರ್ಮಗಳನ್ನು ಲಂಡನ್ನಿಗೆ ಕಳಿಸಿದ. 1837ರಲ್ಲಿ ಜಾನ್ ಗೌಲ್ಡ್ ಅದಕ್ಕೆ ಡಾರ್ವಿನ್ನನ ಹೆಸರನ್ನೇ ಇಟ್ಟ. ಕೀವಿ ಇವೆಲ್ಲಕ್ಕಿಂತ ಚಿಕ್ಕದು, ರಾತ್ರಿಯ ಜೀವಿ. ಮೂಗಿನ ಹೊಳ್ಳೆಗಳು ಕೊಕ್ಕಿನ ತುದಿಯಲ್ಲಿದ್ದು ಎರೆಹುಳುವನ್ನು ವಾಸನೆಯಿಂದ ಹಿಡಿಯುತ್ತದೆ. ಹೆಣ್ಣು ತನ್ನ ಮೈತೂಕದ ಐದನೇ ಒಂದರಷ್ಟು ಭಾರದ ಮೊಟ್ಟೆ ಇಡುತ್ತದೆ.

ಜಂಬುಕೋಳಿಯ ಬಳಗ

ಎತ್ತರದ ಹಕ್ಕಿಗಳು ಹೆಸರು ಪಡೆದಿರಬಹುದು, ಆದರೆ ಹಾರಾಟ ಹೇಗೆ ಬಿಟ್ಟುಹೋಗುತ್ತದೆ ಎಂದು ತಿಳಿಯಬೇಕಾದರೆ ನೋಡಬೇಕಾದ್ದು ನಮ್ಮ ಕೆರೆಗಳ ಜಂಬುಕೋಳಿ, ಹುಂಡುಕೋಳಿ, ನಾಮದ ಕೋಳಿಗಳ ಕುಟುಂಬವನ್ನು. ಇವು ಹಾರುವಾಗ ಸೋಮಾರಿಗಳಂತೆ ಕಂಡರೂ ಗಾಳಿಗೆ ಸಿಕ್ಕಿ ಸಾಗರ ದಾಟಿ ಒಂಟಿ ದ್ವೀಪಗಳನ್ನು ಮುಟ್ಟಿಬಿಡುತ್ತವೆ. ಮುಟ್ಟಿದ ಮೇಲೆ ಹಾರುವ ಗೋಜಿಗೆ ಹೋಗುವುದಿಲ್ಲ. ಶಾಂತಸಾಗರದ ದ್ವೀಪಗಳಲ್ಲಿ ಮನುಷ್ಯ ಕಾಲಿಡುವ ಮುನ್ನ ಇಂಥ ನೂರಾರು ಪ್ರಭೇದಗಳಿದ್ದವೆಂದು ಮೂಳೆಗಳ ಆಧಾರದಿಂದ ಅಂದಾಜು ಮಾಡಲಾಗಿದೆ.

ಇದಕ್ಕೆ ಅತಿ ಸ್ಪಷ್ಟ ಸಾಕ್ಷಿ ಹಿಂದೂ ಮಹಾಸಾಗರದ ಅಲ್ಡಾಬ್ರ ಹವಳದ್ವೀಪ. ಮಡಗಾಸ್ಕರ್‌ನಿಂದ ಹಾರಿಬಂದ ಬಿಳಿಕೊರಳಿನ ಹಕ್ಕಿಯೊಂದು ಅಲ್ಲಿ ನೆಲೆಸಿ ಹಾರಾಟ ಬಿಟ್ಟಿತ್ತು. ಸುಮಾರು 1,36,000 ವರ್ಷಗಳ ಹಿಂದೆ ಸಮುದ್ರ ಉಕ್ಕಿ ದ್ವೀಪ ಮುಳುಗಿತು, ಆ ಹಕ್ಕಿಗಳೆಲ್ಲ ಸತ್ತವು. ನೀರಿಳಿದು ದ್ವೀಪ ತಲೆ ಎತ್ತಿದ ಮೇಲೆ ಅದೇ ಹಾರುವ ಪ್ರಭೇದ ಮಡಗಾಸ್ಕರ್‌ನಿಂದ ಮತ್ತೆ ಬಂತು, ಮತ್ತೆ ಹಾರಾಟ ಬಿಟ್ಟಿತು. ಎರಡೂ ಕಾಲದ ಮೂಳೆಗಳನ್ನು ಹೋಲಿಸಿ 2019ರಲ್ಲಿ ಇದನ್ನು ಪ್ರಕಟಿಸಲಾಯಿತು. ಎರಡನೆಯ ಸಲ ಬಂದವುಗಳ ಸಂತತಿ ಇಂದೂ ಅಲ್ಲಿ ಓಡಾಡುತ್ತಿದೆ.

ದಕ್ಷಿಣ ಅಟ್ಲಾಂಟಿಕ್‌ನ ಇನ್ಆ್ಯಕ್ಸೆಸಿಬಲ್ ದ್ವೀಪದ ಹಕ್ಕಿ ಇದೇ ಬಳಗದ್ದು. 40 ಗ್ರಾಂ ಆಸುಪಾಸಿನ ತೂಕದ ಇದು ಹಾರಲಾರದ ಹಕ್ಕಿಗಳಲ್ಲೆಲ್ಲ ಚಿಕ್ಕದು. ನ್ಯೂಜಿಲೆಂಡಿನ ಟಾಕಹೆ ಈ ಬಳಗದಲ್ಲಿ ಇಂದಿನ ದೊಡ್ಡಣ್ಣ. ಕರ್ನಾಟಕದ ಕೆರೆಗಳ ಜೊಂಡಿನಲ್ಲಿ ತಿರುಗುವ ನೇರಳೆ ಜಂಬುಕೋಳಿ ಅದರ ಕುಲದ್ದೇ. ಅದೇ ನೀಲಿ ಮೈ, ಅದೇ ಕೆಂಪು ಕೊಕ್ಕು, ಆದರೆ ಟಾಕಹೆಯ ತೂಕ 3 ಕಿಲೋ. 1898ರ ನಂತರ ಕಾಣದೆ ಅಳಿದುಹೋಯಿತೆಂದು ಎಣಿಸಿದ್ದ ಇದನ್ನು 1948ರಲ್ಲಿ ವೈದ್ಯ ಜೆಫ್ರಿ ಆರ್ಬೆಲ್ ಮರ್ಚಿಸನ್ ಬೆಟ್ಟಗಳಲ್ಲಿ ಕಂಡುಹಿಡಿದರು.

ನೀರಿನಲ್ಲಿ

ಪೆಂಗ್ವಿನ್‌ಗಳ ಎದೆಯ ಏಣು ಕುಗ್ಗಿಲ್ಲ, ಸ್ನಾಯುವೂ ಕಡಿಮೆಯಾಗಿಲ್ಲ. ಅವು ಹಾರಾಟವನ್ನು ನೀರಿನೊಳಕ್ಕೆ ಒಯ್ದಿವೆ ಎಂದರೆ ಸರಿ. ಈಜಲು ಬೇಕಾದ ರೆಕ್ಕೆ ಗಿಡ್ಡ, ಗಟ್ಟಿ. ಹಾರಲು ಬೇಕಾದ್ದು ಉದ್ದ, ಹಗುರ. ಎರಡನ್ನೂ ಒಂದೇ ರೆಕ್ಕೆಯಿಂದ ಮಾಡುವ ಉತ್ತರದ ಮರ್ ಹಕ್ಕಿಗೆ ಹಾರಾಟ ವಿಪರೀತ ವೆಚ್ಚದ್ದೆಂದು 2013ರಲ್ಲಿ ಅಳೆದು ನೋಡಲಾಗಿದೆ. ಚಕ್ರವರ್ತಿ ಪೆಂಗ್ವಿನ್ 500 ಮೀಟರಿಗೂ ಆಳಕ್ಕೆ ಮುಳುಗುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಅದೇ ಬಾಳು ಬಾಳಿದ್ದ ಮಹಾ ಆಕ್ ಎಂಬ ಹಕ್ಕಿಯನ್ನು ಗರಿಗೆ, ಎಣ್ಣೆಗೆ, ಮಾಂಸಕ್ಕೆ ಕೊಂದು ಮುಗಿಸಲಾಯಿತು. ಕೊನೆಯದೆಂದು ದಾಖಲಾದ ಜೋಡಿ 1844ರ ಜೂನ್‌ನಲ್ಲಿ ಐಸ್ಲೆಂಡ್ ಬಳಿಯ ಎಲ್ಡೆ ಬಂಡೆಯ ಮೇಲೆ ಸತ್ತಿತು.

ಅಳಿವು

ಮನುಷ್ಯನ ಕಾಲದಲ್ಲಿ ಅಳಿದ 581 ಪಕ್ಷಿ ಪ್ರಭೇದಗಳನ್ನು ಪಟ್ಟಿ ಮಾಡಿದ 2020ರ ಅಧ್ಯಯನದ ಪ್ರಕಾರ ಅವುಗಳಲ್ಲಿ 166 ಹಾರಲಾರದವು. ಅಂದರೆ ಇಂದು ಉಳಿದಿರುವುದಕ್ಕಿಂತ ಅಳಿದದ್ದೇ ಹೆಚ್ಚು. ನ್ಯೂಜಿಲೆಂಡಿನ ಒಂಬತ್ತು ಬಗೆಯ ಮೋವಾಗಳು, ಮಾವೊರಿ ಜನ ಬಂದು ನೆಲೆಸಿದ ಸುಮಾರು ಒಂದೂವರೆ ಶತಮಾನದೊಳಗೆ ಮುಗಿದವು. ಅವನ್ನೇ ನಂಬಿದ್ದ ಹಾಸ್ಟ್ ಹದ್ದೂ ಜೊತೆಗೆ ಹೋಯಿತು.

ಮಾರಿಷಸ್‌ನ ಡೋಡೊ ಪಾರಿವಾಳದ ಕುಟುಂಬದ್ದು. ಅದಕ್ಕೆ ಅತಿ ಹತ್ತಿರದ ಬದುಕಿರುವ ಸಂಬಂಧಿ ನಮ್ಮ ನಿಕೋಬಾರ್ ಪಾರಿವಾಳ. ಡಚ್ಚರು 1598ರಲ್ಲಿ ಅಲ್ಲಿಳಿದರು. 1662ರ ನಂತರ ನಂಬಬಹುದಾದ ದಾಖಲೆ ವಿರಳ. ನಾವಿಕರು ತಿಂದು ಮುಗಿಸಿದರೆಂಬುದು ಅರ್ಧ ಸತ್ಯ. ಹಡಗಿನಿಂದಿಳಿದ ಇಲಿ, ಹಂದಿ, ಕೋತಿಗಳು ನೆಲದ ಗೂಡಿನ ಮೊಟ್ಟೆಗೆ ಬಿದ್ದದ್ದು ಹೆಚ್ಚಿನ ಹಾನಿ ಮಾಡಿತು. ಡೋಡೊ ಎಂದೊಡನೆ ಕಣ್ಣಮುಂದೆ ಬರುವ ದಡೂತಿ ರೂಪ ಯುರೋಪಿನ ಚಿತ್ರಕಾರರು ಕೊಟ್ಟದ್ದು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದನೆನ್ನಲಾದ, ಸುಮಾರು 1625ರ ವರ್ಣಚಿತ್ರದಲ್ಲಿ ಡೋಡೊ ತೆಳ್ಳಗಿದೆ. ಸೂರತ್ತಿಗೆ ಬಂದಿದ್ದ ಜೀವಂತ ಡೋಡೊಗಳನ್ನು ಇಂಗ್ಲಿಷ್ ಪ್ರವಾಸಿ ಪೀಟರ್ ಮುಂಡಿ ಕಂಡದ್ದಾಗಿ ಬರೆದಿರುವುದರಿಂದ ಕಣ್ಣಾರೆ ಕಂಡು ಬರೆದ ಚಿತ್ರವಿದು ಎಂಬ ವಾದಕ್ಕೆ ಬಲವಿದೆ. ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ.

ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಪುಟ್ಟ ಹಕ್ಕಿಯನ್ನು ದೀಪಸ್ತಂಭದ ಕಾವಲುಗಾರನ ಬೆಕ್ಕೊಂದೇ ನಿರ್ನಾಮ ಮಾಡಿತೆಂಬ ಕಥೆ ಬಹಳ ಪ್ರಸಿದ್ಧ. ವಾಸ್ತವದಲ್ಲಿ 1894ರ ಹೊತ್ತಿಗೆ ಅಲ್ಲಿ ಬೆಕ್ಕುಗಳ ಸಂತಾನ ಕಾಡು ಸೇರಿ ಬೆಳೆದಿತ್ತು.

ಉಳಿಸುವ ಯತ್ನ

ನ್ಯೂಜಿಲೆಂಡಿನ ಕಾಕಪೊ ಜಗತ್ತಿನ ಏಕೈಕ ಹಾರಲಾರದ ಗಿಳಿ, ಗಿಳಿಗಳಲ್ಲೇ ಭಾರವಾದದ್ದು. ರಿಚರ್ಡ್ ಹೆನ್ರಿ ಎಂಬಾತ 1894ರಿಂದ ನೂರಾರು ಕಾಕಪೊ ಮತ್ತು ಕೀವಿಗಳನ್ನು ದೋಣಿಯಲ್ಲಿ ರೆಸೊಲ್ಯೂಷನ್ ದ್ವೀಪಕ್ಕೆ ಸಾಗಿಸಿದ. 1900ರಲ್ಲಿ ಸ್ಟೋಟ್ ಎಂಬ ಸಣ್ಣ ಮಾಂಸಾಹಾರಿ ಈಜಿಕೊಂಡು ಅಲ್ಲಿಗೂ ಬಂದು ಅವನ ಶ್ರಮವನ್ನೆಲ್ಲ ಹಾಳುಮಾಡಿತು. ಆದರೆ ದಾರಿ ಸರಿಯಾಗಿತ್ತು: ಬೇಟೆಪ್ರಾಣಿ ತೆರವು ಮಾಡಿದ ದ್ವೀಪಕ್ಕೆ ಹಕ್ಕಿಗಳನ್ನು ಒಯ್ದಿಡುವುದೇ ಇಂದಿಗೂ ಮುಖ್ಯ ಉಪಾಯ. 1995ರಲ್ಲಿ 51 ಇದ್ದ ಕಾಕಪೊಗಳು ಈಗ 200 ದಾಟಿವೆ. ರಿಮು ಮರ ಹೇರಳವಾಗಿ ಕಾಯಿ ಬಿಟ್ಟ ವರ್ಷಗಳಲ್ಲಿ ಮಾತ್ರ ಇವು ಮರಿ ಮಾಡುವುದರಿಂದ ಏರಿಕೆ ನಿಧಾನ.

ಗುವಾಮ್ ದ್ವೀಪದಲ್ಲಿ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನೊಡನೆ ಬಂದ ಕಂದು ಮರಹಾವು ಅಲ್ಲಿನ ಹಕ್ಕಿಗಳನ್ನು ಒಂದೊಂದಾಗಿ ಮುಗಿಸಿತು. ಜಂಬುಕೋಳಿ ಬಳಗದ ಗುವಾಮ್ ಹಕ್ಕಿಯಲ್ಲಿ ಉಳಿದ ಕೆಲವನ್ನು 1980ರ ದಶಕದಲ್ಲಿ ಹಿಡಿದು ಬಂಧನದಲ್ಲಿ ಬೆಳೆಸಿ, ನೆರೆಯ ರೋಟ ಮತ್ತು ಕೋಕೊಸ್ ದ್ವೀಪಗಳಲ್ಲಿ ಬಿಡಲಾಯಿತು. 2019ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು 'ಕಾಡಿನಲ್ಲಿ ಅಳಿದದ್ದು' ಎಂಬ ವರ್ಗದಿಂದ 'ತೀವ್ರ ಅಪಾಯದಲ್ಲಿರುವುದು' ಎಂಬ ವರ್ಗಕ್ಕೆ ಸೇರಿಸಿತು. ಕ್ಯಾಲಿಫೋರ್ನಿಯ ಕಾಂಡಾರ್ ಬಿಟ್ಟರೆ ಹೀಗೆ ಮೇಲೆದ್ದ ಪಕ್ಷಿ ಇದೊಂದೇ ಆಗಿತ್ತು. ಗುವಾಮ್‌ನಲ್ಲಿ ಹಾವು ಇನ್ನೂ ಇರುವುದರಿಂದ ಅದರ ಸ್ವಂತ ನೆಲಕ್ಕೆ ಮರಳಿಸಲು ಸಾಧ್ಯವಾಗಿಲ್ಲ.