ಗಂಗಾಮೂಲದಿಂದ ಹೊರಟ ವಿದ್ಯೆ: ಪಂಡಿತಾ ರಮಾಬಾಯಿ ಮತ್ತು ಆಕೆಯ ಕುಟುಂಬ

ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ತುಂಗಭದ್ರೆ ಮನೆಯ ಹೊಳೆ. ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿದು ಬರುವ ಈ ನದಿಯನ್ನು ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದೆ ಸೇರುತ್ತದೆ. ತುಂಗೆ ಮತ್ತು ಭದ್ರೆ ಎರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ ಎಂದು ನೀವು ಭೂಗೋಳ ಪಾಠದಲ್ಲಿ ಓದಿದ್ದೀರಿ. ಅದೇ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು ಹುಟ್ಟಿದವರು ಪಂಡಿತಾ ರಮಾಬಾಯಿ. ಈ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ಪುಣೆಯಲ್ಲಿ ಓದುವಾಗ, ಪೇಶ್ವೆಯ ಮನೆಯ ಹೆಂಗಸೊಬ್ಬರು ತಮ್ಮ ಗುರುಗಳ ಬಳಿ ಸಂಸ್ಕೃತ ಕಲಿಯುವುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಹೆಂಡತಿಗೆ ಕಲಿಸಲು ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಮದುವೆಯಾದ ಲಕ್ಷ್ಮೀಬಾಯಿಗೆ ಆಗ ಸುಮಾರು ಒಂಬತ್ತು ವರ್ಷ. ಬಾಲ್ಯವಿವಾಹವನ್ನು ಪ್ರಶ್ನಿಸದ ಅದೇ ಮನುಷ್ಯ ಸ್ತ್ರೀವಿದ್ಯೆಗಾಗಿ ಊರನ್ನೇ ಎದುರು ಹಾಕಿಕೊಂಡರು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಶಾಸ್ತ್ರಾಧಾರದಿಂದಲೇ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಬಳಿಕ ಕಾಡಿನಲ್ಲಿ ಮನೆ ಕಟ್ಟಿ ಪಾಠಶಾಲೆ ನಡೆಸಿದರು.

ರಮಾಬಾಯಿಗೆ ಆರು ತಿಂಗಳಾಗುವ ಹೊತ್ತಿಗೆ ಸಂಸಾರ ಗಂಗಾಮೂಲವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತು ಇಳಿಸಿದರು. ದಾರಿಯೇ ಶಾಲೆಯಾಯಿತು. ತಂದೆಗೆ ವಯಸ್ಸಾಗಿದ್ದರಿಂದ ಪಾಠ ಹೇಳಿದವರು ತಾಯಿ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ವಿದ್ಯೆ ಹೀಗೆ ಹರಿಯಿತು.

1874ರಲ್ಲಿ, ಕ್ಷಾಮದ ದಿನಗಳಲ್ಲಿ, ತಂದೆ ತಾಯಿ ಇಬ್ಬರೂ ತೀರಿಕೊಂಡರು. ಅಕ್ಕನೂ ಉಳಿಯಲಿಲ್ಲ. ಹದಿನಾರರ ರಮಾಬಾಯಿ ಅಣ್ಣ ಶ್ರೀನಿವಾಸನೊಂದಿಗೆ ಸಾವಿರಾರು ಮೈಲಿ ನಡೆದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರೊಂದಿಗೆ ವಿವಾಹವಾಯಿತು. 1882ರಲ್ಲಿ ಅವರೂ ಕಾಲರಾಕ್ಕೆ ಬಲಿಯಾದರು. ಮಗಳು ಮನೋರಮಾ ಆಗಿನ್ನೂ ಹಸುಗೂಸು.

ಅದೇ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಆಕೆ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳ ಶಾಲೆಗೆ ಮಹಿಳಾ ಶಿಕ್ಷಕಿಯರು ಬೇಕು, ಮಹಿಳೆಯರಿಗೆ ವೈದ್ಯಶಿಕ್ಷಣವೂ ಬೇಕು ಎಂದು ವಾದಿಸಿದರು. ಗಂಡಸು ವೈದ್ಯನ ಮುಂದೆ ಕಾಯಿಲೆ ಹೇಳಿಕೊಳ್ಳಲಾಗದೆ ಹೆಂಗಸರು ಸಾಯುತ್ತಿದ್ದ ಕಾಲವದು. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರದೇಶ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಬೇಡಿಕೆ ಈ ಊರುಗಳ ಹೆಣ್ಣುಮಕ್ಕಳದೂ ಆಗಿತ್ತು. 1885ರಲ್ಲಿ ಸ್ಥಾಪನೆಯಾದ ಲೇಡಿ ಡಫರಿನ್ ನಿಧಿಗೆ ಈ ಸಾಕ್ಷ್ಯವೂ ಒಂದು ಪ್ರೇರಣೆ ಎನ್ನುತ್ತಾರೆ.

ಸ್ವತಃ ವೈದ್ಯೆಯಾಗಲು ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಮಂದವಾಗುತ್ತಿದ್ದುದರಿಂದ ಆ ದಾರಿ ಮುಚ್ಚಿತು. ಅಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದ್ದು ಮುಂದೆ ದೊಡ್ಡ ವಿವಾದಕ್ಕೆ ಕಾರಣವಾಯಿತು. ಚೆಲ್ಟನ್‌ಹ್ಯಾಂ ಕಾಲೇಜಿನಲ್ಲಿ ಗಣಿತ, ವಿಜ್ಞಾನ ಕಲಿಯುತ್ತಾ ಸಂಸ್ಕೃತ ಕಲಿಸಿದರು. 1886ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಬಂಧು ಆನಂದಿಬಾಯಿ ಜೋಶಿ ವೈದ್ಯಪದವಿ ಪಡೆದಾಗ ಸಭೆಯಲ್ಲಿ ಕುಳಿತು ನೋಡಿದರು. ತಾವು ತಲುಪಲಾಗದ ಪದವಿಯನ್ನು ಬಂಧುವೊಬ್ಬಳು ಪಡೆದಳು. ಆದರೆ ಮರುವರ್ಷವೇ ಆನಂದಿಬಾಯಿ ತೀರಿಕೊಂಡರು.

ರಮಾಬಾಯಿ ಕೈಚೆಲ್ಲಲಿಲ್ಲ. ಅಮೆರಿಕದಲ್ಲಿ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಸಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆದರು. ಪುಣೆ ಬಳಿಯ ಕೇಡಗಾಂವ್‌ನಲ್ಲಿ ಕಟ್ಟಿದ ‘ಮುಕ್ತಿ’ ಸಂಸ್ಥೆ ಕ್ಷಾಮಪೀಡಿತ ಬಾಲೆಯರಿಗೆ ಆಸರೆಯಾಯಿತು. ಕ್ಷಾಮದಲ್ಲಿ ಅನಾಥಳಾದವಳೇ ಅನಾಥರಿಗೆ ಮನೆ ಕಟ್ಟಿದಳು.

ಮಗಳು ಮನೋರಮಾ ಪದವೀಧರೆಯಾಗಿ ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟರು. ಗುಲ್ಬರ್ಗದಲ್ಲಿ ಶಾಲೆ ತೆರೆಯಲು ನೆರವಾದರು. ಗಂಗಾಮೂಲದಿಂದ ಹೊರಟ ವಿದ್ಯೆ ಹೀಗೆ ಕನ್ನಡನಾಡಿಗೆ ಮರಳಿತು. 1921ರಲ್ಲಿ ಮಗಳು, 1922ರ ಏಪ್ರಿಲ್ 5ರಂದು ತಾಯಿ ನಿಧನರಾದರು.

ಇಂದು ಬ್ಯಾಡಗಿಯಲ್ಲೋ ಹಾವೇರಿಯಲ್ಲೋ ‘ಲೇಡಿ ಡಾಕ್ಟರ್ ಇದ್ದಾರೆಯೇ?’ ಎಂದು ಕೇಳುವುದು ದಿನನಿತ್ಯದ ಮಾತು. 1882ರಲ್ಲಿ ಅದು ಆಯೋಗದ ಮುಂದೆ ವಾದಿಸಬೇಕಾದ ಬೇಡಿಕೆಯಾಗಿತ್ತು. ಶಿಕ್ಷಕರೇ, ನದಿಗಳ ಪಾಠದಲ್ಲಿ ಗಂಗಾಮೂಲದ ಹೆಸರು ಬಂದಾಗ ಈ ಕಥೆಯನ್ನೂ ಹೇಳಿ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತ ಹೆಣ್ಣುಮಗಳು ಯಾರು, ಆಕೆಗೆ ಕಲಿಸಿದವರು ಯಾರು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಅದೂ ಇತಿಹಾಸವೇ.