ಗಣಿತದ ಉತ್ತರಕ್ಕೆ ಬೆಲೆ ಕಟ್ಟಿದ ಬಗೆ

ಕನ್ನಡದ ಪ್ರಬಂಧಕ್ಕೆ ಒಬ್ಬ ಪರೀಕ್ಷಕರು ಅರವತ್ತು ಕೊಟ್ಟರೆ ಇನ್ನೊಬ್ಬರು ನಲವತ್ತು ಕೊಟ್ಟಾರು. ಗಣಿತದಲ್ಲಿ ಮಾತ್ರ ಹಾಗಾಗುವಂತಿಲ್ಲ, ಲೆಕ್ಕ ಸರಿಯಾದರೆ ಸರಿ, ತಪ್ಪಾದರೆ ತಪ್ಪು. ಈ ನಂಬಿಕೆ ನಮ್ಮ ಹಿರಿಯರಲ್ಲಿತ್ತು, ನಮ್ಮಲ್ಲಿಯೂ ಇದೆ. ಮಗ್ಗಿ ಒಪ್ಪಿಸುವ ಹುಡುಗನ ಮಟ್ಟಿಗೆ ಈ ಮಾತು ನಿಜವೂ ಹೌದು. ಏಳೆಂಟಲ ಐವತ್ತಾರು ಎಂದವನಿಗೆ ಅರ್ಧ ಅಂಕ ಕೊಡುವ ಪ್ರಸಂಗ ಬರುವುದಿಲ್ಲ. ಆದರೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದೊಡನೆ ಲೆಕ್ಕದ ಉತ್ತರ ಒಂದು ಸಂಖ್ಯೆಯಾಗಿ ಉಳಿಯದೆ ಒಂದು ಪುಟದ ಬರವಣಿಗೆಯಾಗುತ್ತದೆ. ಆ ಪುಟಕ್ಕೆ ಬೆಲೆ ಕಟ್ಟುವ ಪದ್ಧತಿ ಎಲ್ಲಿ ಹುಟ್ಟಿತು, ಅದನ್ನು ಯಾರು ಯಾವಾಗ ಸಂದೇಹದಿಂದ ನೋಡಿದರು ಎಂಬುದೊಂದು ಸ್ವಾರಸ್ಯವಾದ ಚರಿತ್ರೆ.

ಅಂಕಗಳು ಪರೀಕ್ಷೆಯಷ್ಟು ಹಳೆಯವಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಹದಿನೆಂಟನೆಯ ಶತಮಾನದ ಬಹುಭಾಗ ಪದವಿಯ ಅಭ್ಯರ್ಥಿಗಳು ಲ್ಯಾಟಿನ್ ಭಾಷೆಯಲ್ಲಿ ವಾದ ಮಾಡಬೇಕಾಗಿತ್ತು. ವಾದವನ್ನು ಆಲಿಸಿದ ಹಿರಿಯರು ಇವನು ಮೇಲು, ಇವನು ಮಧ್ಯಮ ಎಂದು ತಮ್ಮ ಮನಸ್ಸಿಗೆ ತೋರಿದಂತೆ ವಿಂಗಡಿಸುತ್ತಿದ್ದರು. ಕ್ರಮೇಣ ಲಿಖಿತ ಪರೀಕ್ಷೆ ಬಲಗೊಂಡಿತು, ಅದರಲ್ಲಿ ಗಣಿತವೇ ಪ್ರಧಾನವಾಯಿತು. ಒಂದೊಂದು ಪ್ರಶ್ನೆಯ ಉತ್ತರಕ್ಕೂ ಬೇರೆ ಬೇರೆಯಾಗಿ ಅಂಕ ಕೊಟ್ಟು ಕೊನೆಗೆ ಕೂಡಿಸಬೇಕೆಂದು 1792ರ ಸುಮಾರಿಗೆ ಸೂಚಿಸಿದ ಕೀರ್ತಿಯನ್ನು ಚರಿತ್ರಕಾರರು ವಿಲಿಯಂ ಫ್ಯಾರಿಷ್ ಎಂಬ ವಿದ್ವಾಂಸನಿಗೆ ಕೊಡುತ್ತಾರೆ. ಈತ 1778ರಲ್ಲಿ ಅದೇ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದಿದ್ದವನು.

ಇದು ಸಣ್ಣ ಬದಲಾವಣೆಯಂತೆ ಕಂಡರೂ ಸಣ್ಣದಲ್ಲ. ಅದುವರೆಗೆ ಪರೀಕ್ಷಕನ ಮುಂದೆ ಇದ್ದವನು ಒಬ್ಬ ಮನುಷ್ಯ. ಇನ್ನು ಮುಂದೆ ಇದ್ದದ್ದು ಉತ್ತರಗಳ ಒಂದು ಕಟ್ಟು. ಕುಲ, ಕಾಲೇಜು, ಶಿಫಾರಸು ಇವುಗಳ ಪ್ರಭಾವ ಅಷ್ಟರಮಟ್ಟಿಗೆ ಕುಗ್ಗಿತು ಎಂಬುದನ್ನು ಮರೆಯಬಾರದು. ಅಂಕವನ್ನು ಹಳಿಯುವವರು ಅದಕ್ಕಿಂತ ಹಿಂದೆ ಇದ್ದ ವ್ಯವಸ್ಥೆಯನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.

ಕೇಂಬ್ರಿಜ್ಜಿನ ಈ ಗಣಿತ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಮೊದಲ ದರ್ಜೆಯಲ್ಲಿ ತೇರ್ಗಡೆಯಾದವರು ರ‍್ಯಾಂಗ್ಲರುಗಳು. ಅವರಲ್ಲಿ ಮೊದಲಿಗ ಸೀನಿಯರ್ ರ‍್ಯಾಂಗ್ಲರ್. ಗೌರವ ಪಟ್ಟಿಯ ಕೊಟ್ಟಕೊನೆಯವನಿಗೆ ಸಹಪಾಠಿಗಳು ಮರದ ಸೌಟೊಂದನ್ನು ಕಾಣಿಕೆಯಾಗಿ ಕೊಡುತ್ತಿದ್ದರು. ರ‍್ಯಾಂಗ್ಲರ್ ಎಂಬ ಬಿರುದು ನಮಗೆ ಅಪರಿಚಿತವಲ್ಲ. ಪುಣೆಯ ಪರಾಂಜಪೆಯವರು 1899ರಲ್ಲಿ ಇನ್ನೊಬ್ಬರೊಡನೆ ಸಮಸಮವಾಗಿ ಸೀನಿಯರ್ ರ‍್ಯಾಂಗ್ಲರ್ ಆದರು. ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯಿಂದ ಹೋಗಿ ರ‍್ಯಾಂಗ್ಲರ್ ಆದ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು.

ಈ ಪರೀಕ್ಷೆಯ ಅಂಕಗಳನ್ನು ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ತನ್ನ ಗ್ರಂಥವೊಂದರಲ್ಲಿ ಬಳಸಿಕೊಂಡ. ಗೌರವ ಪಟ್ಟಿಯ ಕೊನೆಯವನಿಗೆ 300ಕ್ಕಿಂತ ಕಡಿಮೆ, ಕೊನೆಯ ರ‍್ಯಾಂಗ್ಲರನಿಗೆ ಸುಮಾರು 1500, ಒಂದು ವರ್ಷದ ಸೀನಿಯರ್ ರ‍್ಯಾಂಗ್ಲರನಿಗೆ 7500ಕ್ಕೂ ಹೆಚ್ಚು. ಮನುಷ್ಯ ಮನುಷ್ಯರ ಬುದ್ಧಿಯಲ್ಲಿ ಎಷ್ಟು ಅಗಾಧವಾದ ಅಂತರ ಎಂದು ಗಾಲ್ಟನ್ ಬೆರಗಾದ. ಲೆಕ್ಕ ಬಲ್ಲ ಗಾಲ್ಟನ್ನನೇ ಇಲ್ಲಿ ಎಡವಿದನೆಂದು ನನಗೆ ತೋರುತ್ತದೆ. ಅದೇ ಪತ್ರಿಕೆಗೆ ಎಲ್ಲರೂ ಬಿಡಿಸಬಲ್ಲ ಕೆಲವು ಸುಲಭ ಪ್ರಶ್ನೆಗಳನ್ನು 300 ಅಂಕಗಳಿಗೆ ಸೇರಿಸಿದ್ದರೆ, 7500 ಮತ್ತು 300 ಎಂಬುದು 7800 ಮತ್ತು 600 ಆಗುತ್ತಿತ್ತು. ಇಪ್ಪತ್ತೈದು ಪಟ್ಟಿನ ಅಂತರ ಹದಿಮೂರು ಪಟ್ಟಿಗೆ ಇಳಿಯುತ್ತಿತ್ತು. ಇಬ್ಬರ ಬುದ್ಧಿಯೂ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು. ಗಜಕೋಲಿನಿಂದ ಬಟ್ಟೆ ಅಳೆದಂತೆ ಅಂಕದಿಂದ ಜಾಣ್ಮೆಯನ್ನು ಅಳೆಯಲಾಗದು. ಗಜಕೋಲಿಗೆ ಒಂದು ಸೊನ್ನೆಯ ಗುರುತಿದೆ, ಪ್ರಶ್ನೆಪತ್ರಿಕೆಗೆ ಅದಿಲ್ಲ.

ಆ ಪಟ್ಟಿಯ ಎರಡನೆಯ ಸ್ಥಾನಗಳನ್ನು ನೋಡಿದರೂ ಸಾಕು. ಮುಂದೆ ಕೆಲ್ವಿನ್ ಪ್ರಭುವಾದ ವಿಲಿಯಂ ಥಾಮ್ಸನ್ 1845ರಲ್ಲಿ ಎರಡನೆಯವನು. ವಿದ್ಯುತ್ಕಾಂತ ಸಿದ್ಧಾಂತದ ಮ್ಯಾಕ್ಸ್‌ವೆಲ್ 1854ರಲ್ಲಿ ಎರಡನೆಯವನು. ಮ್ಯಾಕ್ಸ್‌ವೆಲ್ಲನನ್ನು ಹಿಂದಿಕ್ಕಿದ ಎಡ್ವರ್ಡ್ ರೌತ್ ಮುಂದೆ ಮನೆಪಾಠದ ಗುರುವಾಗಿ ಇಪ್ಪತ್ತಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರುಗಳನ್ನು ತಯಾರಿಸಿದ. ಅಂಕ ಬಂದ ಕಡೆ ಟ್ಯೂಷನ್ನೂ ಬಂತು ಎನ್ನಿ! ಈ ಓಟವನ್ನು ಕಟುವಾಗಿ ದ್ವೇಷಿಸಿದವರಲ್ಲಿ ಜಿ. ಎಚ್. ಹಾರ್ಡಿ ಒಬ್ಬ, ಆತ 1898ರಲ್ಲಿ ನಾಲ್ಕನೆಯವನಾಗಿದ್ದ. ಕ್ರಮಾಂಕದ ಪಟ್ಟಿ ಕೊನೆಯದಾಗಿ ಪ್ರಕಟವಾದದ್ದು 1909ರಲ್ಲಿ. ಮರದ ಸೌಟೂ ಅಂದಿಗೆ ಮುಗಿಯಿತು. ಆದರೂ ಅಂಕದ ಹುಚ್ಚು ಎಷ್ಟು ಆಳವಾದದ್ದೆಂದರೆ, ಇದೇ ಹಾರ್ಡಿ ಗಣಿತಜ್ಞರ ಪ್ರತಿಭೆಗೆ ನೂರಕ್ಕೆ ಇಷ್ಟೆಂದು ಅಂಕ ಹಾಕುತ್ತಿದ್ದನೆಂದು ಪಾಲ್ ಏರ್ಡಿಶ್ ಹೇಳಿದ್ದಾನೆ: ತನಗೆ 25, ಲಿಟಲ್‌ವುಡ್ಡನಿಗೆ 30, ಹಿಲ್ಬರ್ಟನಿಗೆ 80, ರಾಮಾನುಜನ್ನರಿಗೆ 100. ಮದರಾಸಿನ ಎಫ್. ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲಾರದೆ ಹೋದ ರಾಮಾನುಜನ್ನರಿಗೆ!

ನಮ್ಮ ದೇಶಕ್ಕೆ ಈ ಅಂಕಗಣನೆಯ ಗತ್ತು ಬಂದದ್ದು ಮುಖ್ಯವಾಗಿ ಸರ್ಕಾರಿ ಹುದ್ದೆಯ ಬಾಗಿಲಿನಿಂದ. ಸಿವಿಲ್ ಸರ್ವೀಸಿಗೆ ಸ್ಪರ್ಧಾ ಪರೀಕ್ಷೆ ನಡೆಸಬೇಕೆಂದು 1854ರಲ್ಲಿ ಮೆಕಾಲೆಯ ಸಮಿತಿ ವರದಿ ಕೊಟ್ಟಿತು. ಒಟ್ಟು 6875 ಅಂಕಗಳಲ್ಲಿ ಇಂಗ್ಲಿಷಿಗೆ 1500, ಗಣಿತಕ್ಕೆ 1000, ಗ್ರೀಕ್ ಮತ್ತು ಲ್ಯಾಟಿನ್ನುಗಳಿಗೆ ತಲಾ 750, ಸಂಸ್ಕೃತಕ್ಕೆ 375, ಅರಬ್ಬಿಗೆ 375. ಭಾರತವನ್ನು ಆಳಲು ಹೊರಟವನಿಗೆ ಸಂಸ್ಕೃತಕ್ಕಿಂತ ಗ್ರೀಕು ಇಮ್ಮಡಿ ಬೆಲೆಯದಾಗಿತ್ತು. ಯಾವ ವಿಷಯಕ್ಕೆ ಎಷ್ಟು ಎಂಬ ಈ ತೀರ್ಮಾನ ಪರೀಕ್ಷಕ ಕೆಂಪು ಶಾಯಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಮುಗಿದುಹೋಗಿರುತ್ತದೆ. ಅದನ್ನು ಯಾರೂ ಪಕ್ಷಪಾತವೆಂದು ಕರೆಯುವುದಿಲ್ಲ.

ಅಂಕಗಳನ್ನೇ ಪರೀಕ್ಷೆಗೆ ಗುರಿಪಡಿಸಬೇಕೆಂಬ ಯೋಚನೆ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞನಿಗೆ ಹೊಳೆಯಿತು. ಆತ 1888ರಲ್ಲಿಯೂ 1890ರಲ್ಲಿಯೂ ಪರೀಕ್ಷೆಗಳ ಸಂಖ್ಯಾಶಾಸ್ತ್ರದ ಬಗ್ಗೆ ಲೇಖನಗಳನ್ನು ಪ್ರಕಟಿಸಿದ. ಇಂಡಿಯನ್ ಸಿವಿಲ್ ಸರ್ವೀಸ್‌ನಂತಹ ಸ್ಪರ್ಧೆಗಳು ಆತನ ಕಣ್ಣೆದುರಿಗಿದ್ದವು. ಒಂದೇ ಲ್ಯಾಟಿನ್ ಗದ್ಯವನ್ನು 28 ಮಂದಿ ಅರ್ಹ ಪರೀಕ್ಷಕರು ತಿದ್ದಿದಾಗ ಅಂಕಗಳು 45ರಿಂದ 100ರವರೆಗೆ ಹರಡಿಕೊಂಡವು. ಆದರೆ ಅದು ಭಾಷೆ. ಗಣಿತದವರು ಇದನ್ನು ಓದಿ ನಕ್ಕಿರಲೂಬಹುದು.

ಆ ನಗುವಿಗೆ ಉತ್ತರ ಬಂದದ್ದು ಅಮೆರಿಕೆಯಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ 1912ರಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಉತ್ತರ ಪತ್ರಿಕೆಗಳೆರಡನ್ನು ನೂರಾರು ಶಾಲೆಗಳಿಗೆ ಕಳುಹಿಸಿ ತಿದ್ದಿಸಿದರು. ಅಂಕಗಳು ಚೆಲ್ಲಾಪಿಲ್ಲಿಯಾದವು. ಇದು ಭಾಷಾವಿಷಯದ ದೋಷ, ನಿಖರವಾದ ಶಾಸ್ತ್ರದಲ್ಲಿ ಹೀಗಾಗದು ಎಂಬ ಆಕ್ಷೇಪ ಸಹಜವಾಗಿಯೇ ಎದ್ದಿತು. ಸರಿ, 1913ರಲ್ಲಿ ಅವರು ರೇಖಾಗಣಿತವನ್ನು ಆರಿಸಿಕೊಂಡರು. ಒಬ್ಬ ವಿದ್ಯಾರ್ಥಿ ನಿಜವಾದ ಪರೀಕ್ಷೆಯಲ್ಲಿ ಬರೆದ ಉತ್ತರಗಳನ್ನು, ಆತನ ಕೈಬರಹ ಮತ್ತು ಚಿತ್ರಗಳ ಸಮೇತ, ಯಥಾವತ್ತಾಗಿ ಅಚ್ಚುಹಾಕಿಸಿ ಪ್ರೌಢಶಾಲೆಗಳಿಗೆ ಕಳುಹಿಸಿದರು. ನಿಮ್ಮ ಶಾಲೆಯ ಪದ್ಧತಿಯಂತೆಯೇ ಇದಕ್ಕೆ ಅಂಕ ಹಾಕಿ ಎಂಬುದಷ್ಟೇ ಕೋರಿಕೆ.

ಅಧ್ಯಯನಕ್ಕೆ ಒದಗಿದವು 116 ಅಧ್ಯಾಪಕರ ಅಂಕಗಳು. ಇವು 28ರಿಂದ ಮೊದಲುಗೊಂಡು 92ರವರೆಗೆ ಹಬ್ಬಿದ್ದವು. ತೇರ್ಗಡೆಗೆ ಅಲ್ಲಿ 75 ಬೇಕಾಗಿತ್ತು. 47 ಮಂದಿ ಆ ವಿದ್ಯಾರ್ಥಿಯನ್ನು ಪಾಸು ಮಾಡಿದರು. 69 ಮಂದಿ ನಪಾಸು ಮಾಡಿದರು. ಇಪ್ಪತ್ತು ಜನ 80 ಅಥವಾ ಅದಕ್ಕೂ ಹೆಚ್ಚು ಕೊಟ್ಟಿದ್ದರು, ಇನ್ನಿಪ್ಪತ್ತು ಜನ 60ಕ್ಕಿಂತ ಕಡಿಮೆ. ವಿದ್ಯಾರ್ಥಿ ಒಬ್ಬನೇ, ಕಾಗದ ಒಂದೇ, ಪ್ರಮೇಯಗಳು ಯೂಕ್ಲಿಡನ ಕಾಲದಿಂದ ಬದಲಾಗದವು. ಆ ಹುಡುಗನ ಉತ್ತರ ಯಾರ ಮೇಜಿಗೆ ಹೋಗಿ ಬಿತ್ತು ಎಂಬುದರಲ್ಲಿ ಅವನ ಒಂದು ವರ್ಷ ಅಡಗಿತ್ತು.

ಹೀಗೇಕಾಯಿತು? ಅಧ್ಯಾಪಕರು ಅಯೋಗ್ಯರೆಂದಲ್ಲ. ಸಾಧನೆಯ ಹಂತಗಳು ಸರಿಯಾಗಿದ್ದು ಚಿತ್ರ ವಕ್ರವಾಗಿದ್ದರೆ ಎಷ್ಟು ಕಳೆಯಬೇಕು, ಕಾರಣವನ್ನು ಬರೆಯದೆ ಬಿಟ್ಟರೆ ಎಷ್ಟು, ಬರಹ ಅಚ್ಚುಕಟ್ಟಾಗಿಲ್ಲದಿದ್ದರೆ ಕಳೆಯಬೇಕೆ ಬೇಡವೆ ಎಂಬ ವಿಷಯಗಳಲ್ಲಿ ಅವರಲ್ಲಿ ಒಮ್ಮತವಿರಲಿಲ್ಲ. ಉತ್ತರದಲ್ಲಿ ಏನಿದೆ ಎಂಬುದನ್ನು ಎಲ್ಲರೂ ಕಂಡಿದ್ದರು. ಇರುವುದಕ್ಕೆ ಏನು ಬೆಲೆ ಎಂಬಲ್ಲಿ ದಾರಿಗಳು ಕವಲೊಡೆದವು. ಮುಂದೆ ಸ್ಟಾರ್ಚ್ ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಿದ: 71ಕ್ಕೂ 72ಕ್ಕೂ ಇರುವ ಅಂತರವನ್ನು ಗುರುತಿಸುವ ಶಕ್ತಿ ಮನುಷ್ಯನ ತೀರ್ಮಾನಕ್ಕೇ ಇಲ್ಲ.

ಇಪ್ಪತ್ತೆರಡು ವರ್ಷಗಳ ಬಳಿಕ, 1935ರಲ್ಲಿ, ಇಂಗ್ಲೆಂಡಿನಲ್ಲಿ ಸರ್ ಫಿಲಿಪ್ ಹಾರ್ಟಾಗ್ ಮತ್ತು ರೋಡ್ಸ್ ಇದನ್ನು ಇನ್ನೊಂದು ರೀತಿಯಲ್ಲಿ ತೋರಿಸಿದರು. ಹಾರ್ಟಾಗ್ ನಮಗೆ ಗೊತ್ತಿರುವವರೇ: ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ, 1929ರಲ್ಲಿ ಭಾರತದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷ. ಚರಿತ್ರೆಯ 15 ಉತ್ತರ ಪತ್ರಿಕೆಗಳನ್ನು ವರ್ಷ ಕಳೆದ ಮೇಲೆ ಅದೇ ಪರೀಕ್ಷಕರಿಂದಲೇ ಮತ್ತೆ ತಿದ್ದಿಸಿದಾಗ, 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಇಲ್ಲಿ ಒಬ್ಬರಿಗೊಬ್ಬರು ಒಪ್ಪದಿರುವ ಮಾತಲ್ಲ. ತನ್ನನ್ನೇ ತಾನು ಒಪ್ಪದಿರುವ ಮಾತು.

ಇದಕ್ಕೆ ಗಣಿತದ ಅಧ್ಯಾಪಕರು ಕಂಡುಕೊಂಡ ಮದ್ದು ಹಂತಹಂತಕ್ಕೆ ಅಂಕ. ಉದಾಹರಣೆಗೆ ಎಕ್ಸ್ ವರ್ಗ, ಅದರಿಂದ ಐದು ಎಕ್ಸ್ ಕಳೆದು ಆರು ಕೂಡಿಸಿದರೆ ಸೊನ್ನೆ ಎಂಬ ಸಮೀಕರಣವನ್ನು ತೆಗೆದುಕೊಳ್ಳೋಣ. ಉತ್ತರ 2 ಮತ್ತು 3. ಪ್ರಶ್ನೆಗೆ ನಾಲ್ಕು ಅಂಕವೆಂದೂ, ಸೂತ್ರ ಬರೆದದ್ದಕ್ಕೆ ಒಂದು, ಬೆಲೆಗಳನ್ನು ಆದೇಶಿಸಿದ್ದಕ್ಕೆ ಒಂದು, ವರ್ಗಮೂಲದೊಳಗಿನ ಸಂಖ್ಯೆಗೆ ಒಂದು, ಕೊನೆಯ ಉತ್ತರಕ್ಕೆ ಒಂದು ಎಂದೂ ಇಟ್ಟುಕೊಳ್ಳೋಣ. ಹುಡುಗಿಯೊಬ್ಬಳು ಆದೇಶಿಸುವಾಗ ಚಿಹ್ನೆಯಲ್ಲಿ ತಪ್ಪಿ ಋಣ ಐದು ಎಂದು ಬರೆದು, ಮುಂದೆಲ್ಲ ಸರಿಯಾಗಿ ನಡೆದು, ಋಣ 2, ಋಣ 3 ಎಂದು ಮುಗಿಸುತ್ತಾಳೆ. ಒಬ್ಬರು, ತಪ್ಪು ಒಂದೇ, ಉಳಿದದ್ದು ಅದರ ಪರಿಣಾಮ ಎಂದು ಮೂರು ಕೊಡುತ್ತಾರೆ. ಇನ್ನೊಬ್ಬರು, ಆದೇಶವೂ ತಪ್ಪು, ಉತ್ತರವೂ ತಪ್ಪು ಎಂದು ಎರಡು ಕೊಡುತ್ತಾರೆ. ಅವಳ ಪಕ್ಕದ ಹುಡುಗ ನೋಡಿದೊಡನೆ 2 ಮತ್ತು 3 ಎಂದಷ್ಟೇ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದಾನೆ. ಅವನಿಗೆ ನಾಲ್ಕೋ, ಒಂದೋ? ಉತ್ತರ ಸರಿ ಇರುವವನಿಗೆ ಉತ್ತರ ತಪ್ಪಿದವಳಿಗಿಂತ ಕಡಿಮೆ ಬರುವುದುಂಟು. ಹೊರಗಿನವರಿಗೆ ಇದು ವಿಚಿತ್ರ. ನನಗೆ ಮಾತ್ರ ಇದು ನ್ಯಾಯವೆಂದೇ ಕಾಣುತ್ತದೆ, ಪ್ರಶ್ನೆಯಲ್ಲಿ ಸೂತ್ರವನ್ನು ಬಳಸಿ ಬಿಡಿಸಿರಿ ಎಂದು ಸ್ಪಷ್ಟವಾಗಿ ಬರೆದಿದ್ದ ಪಕ್ಷದಲ್ಲಿ. ಬರೆಯದಿದ್ದರೆ ತಪ್ಪು ಹುಡುಗನದಲ್ಲ, ಪ್ರಶ್ನೆ ತೆಗೆದವರದು.

ನಮ್ಮ ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ಈ ಹಂತಗಳನ್ನು ಮೊದಲೇ ಬರೆದಿಟ್ಟ ಮಾದರಿ ಉತ್ತರದ ತಖ್ತೆ ಮೌಲ್ಯಮಾಪಕರ ಕೈಯಲ್ಲಿರುತ್ತದೆ. ಬೇರೆ ವಿಧಾನದಿಂದ ಸರಿಯಾಗಿ ಬಿಡಿಸಿದವರಿಗೂ ಅಂಕ ಸಲ್ಲಬೇಕೆಂಬುದು ಒಪ್ಪಿತವಾದ ನಿಯಮ. ಆದರೆ ಮೇಜಿನ ಮೇಲೆ ಕಟ್ಟುಗಳು ಬೆಳೆಯುತ್ತಿರುವಾಗ, ತಖ್ತೆಯಲ್ಲಿಲ್ಲದ ಹಾದಿಯೊಂದನ್ನು ಸಾಲುಸಾಲಾಗಿ ಹಿಂಬಾಲಿಸಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಮೂವತ್ತೈದರ ಗೆರೆಯ ಮೇಲೆ ತೇರ್ಗಡೆ ನಿಂತಿದ್ದ ವರ್ಷಗಳಲ್ಲಿ ಮೂವತ್ತನಾಲ್ಕಕ್ಕೆ ನಿಂತ ಮಗುವಿನ ಪಾಲಿಗೆ ಆ ಒಂದು ಅಂಕ ಋಣ ಚಿಹ್ನೆಯೊಂದರ ಕೆಳಗೆ ಮಲಗಿರುತ್ತಿತ್ತು.

ಬಹುಕಾಲ ಆ ಮಗುವಿಗೆ ತನ್ನ ಅಂಕ ಎಲ್ಲಿ ಹೋಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಒಟ್ಟು ಮೊತ್ತವನ್ನು ಮತ್ತೆ ಕೂಡಿಸಿ ನೋಡಿರೆಂದು ಕೇಳಬಹುದಾಗಿತ್ತು, ಅಷ್ಟೇ. ಮಾಹಿತಿ ಹಕ್ಕಿನ ಕಾನೂನು 2005ರಲ್ಲಿ ಬಂದ ಮೇಲೆ, ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ ಕಕ್ಷಿಯಾಗಿದ್ದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಆಗಸ್ಟ್ ತಿಂಗಳಿನಲ್ಲಿ ತೀರ್ಪು ಕೊಟ್ಟಿತು: ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಅದನ್ನು ಬರೆದವರಿಗೆ ಉಂಟು. ಈಗ ಪ್ರತಿಯನ್ನು ತರಿಸಿಕೊಂಡ ವಿದ್ಯಾರ್ಥಿ ಒಂದೊಂದು ಸಾಲಿನ ಪಕ್ಕದಲ್ಲಿ ಅರ್ಧ, ಒಂದು, ಸೊನ್ನೆ ಎಂದು ಬಿದ್ದಿರುವ ಗುರುತುಗಳನ್ನು ತಾನೇ ಎಣಿಸಬಹುದು. ಅವನ್ನು ಹಾಕಿದವರ ಹೆಸರನ್ನು ಮಾತ್ರ ತಿಳಿಸಬೇಕಾಗಿಲ್ಲವೆಂದು ಅದೇ ತೀರ್ಪು ಹೇಳಿದೆ.