ಎರಡೂ ಸೊಂಟದ ಕೀಲುಗಳಿಗೆ ಒಂದೇ ಶಸ್ತ್ರಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ಕೃತಕ ಕೀಲಿನ ಚರಿತ್ರೆಯನ್ನು ಅದಕ್ಕೆ ಬಳಸಿದ ವಸ್ತುಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಬರ್ಲಿನ್ನಿನ ಗ್ಲುಕ್ 1890ರ ಸುಮಾರಿನಲ್ಲಿ ಆನೆಯ ದಂತದಿಂದ ಕೀಲುಗಳನ್ನು ಮಾಡಿಸಿದುದು, 1938ರಲ್ಲಿ ಲಂಡನ್ನಿನ ಫಿಲಿಪ್ ವೈಲ್ಸ್ ಉಕ್ಕಿನ ಕೀಲನ್ನು ಕೂರಿಸಿದುದು ಅಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳು. ಎರಡೂ ಸೊಂಟದ ಕೀಲುಗಳು ಕೆಟ್ಟುಹೋದ ರೋಗಿಯ ಪಾಡೇನಾಯಿತೆಂಬುದನ್ನು ಕುರಿತು ದೊರೆಯುವುದು ಅಲ್ಪ.

ಈ ರೋಗಿಯನ್ನು ಬೇರೆಯಾಗಿಯೇ ಎಣಿಸಬೇಕೆಂದು ಕಂಡುಕೊಂಡವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಇವರು 1958ರಿಂದ ಸುಮಾರು 300 ಮಂದಿಗೆ ಟೆಫ್ಲಾನ್ ಬಟ್ಟಲುಗಳುಳ್ಳ ಕೀಲುಗಳನ್ನು ಕೂರಿಸಿದರು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು, ಉದುರಿದ ಪುಡಿಯಿಂದ ಸುತ್ತಲಿನ ಮಾಂಸ ಕೆರಳಿತು. ಆ ವಸ್ತುವಿನ ದೋಷವನ್ನು ಪರೀಕ್ಷಿಸಲು ಅವರು ಅದರ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. 1962ರ ನವೆಂಬರಿನಲ್ಲಿ ಪಾಲಿಥಿಲೀನ್ ಬಟ್ಟಲು ಬಂದಮೇಲೆಯೇ ಕೀಲು ನೆಲೆನಿಂತಿತು.

ಇಂತಹ ಕಹಿಯನ್ನು ಉಂಡವರೇ, ಒಂದು ದಶಕ ಕಳೆಯುವುದರೊಳಗೆ, ಎರಡೂ ಕೀಲುಗಳನ್ನು ಒಂದೇ ಅರಿವಳಿಕೆಯಲ್ಲಿ ಬದಲಿಸಲು ಮುಂದಾದದ್ದು ಗಮನಾರ್ಹ. ಜಾಫೆಯವರೊಡನೆ ಅವರು ಪ್ರಕಟಿಸಿದ 50 ರೋಗಿಗಳ ವರದಿ 1971ರದು. ಇದರ ಹಿಂದಿನ ತರ್ಕ ಮರುವರ್ಷದ ಲೇಖನದಲ್ಲಿ ತಿಳಿಯಾಗುತ್ತದೆ. ಅಲ್ಲಿ ರೋಗಿಗಳನ್ನು ಮೂರು ವರ್ಗ ಮಾಡಿದ್ದಾರೆ: ಒಂದೇ ಕೀಲು ಕೆಟ್ಟವರು, ಎರಡೂ ಕೆಟ್ಟವರು, ಬೇರೆ ವ್ಯಾಧಿಯಿಂದಲೂ ನಡೆಯಲಾರದವರು. ಎರಡನೆಯ ವರ್ಗದವರಿಗೆ ಒಂದು ಕೀಲನ್ನಷ್ಟೇ ಸರಿಪಡಿಸಿದರೆ ಇನ್ನೊಂದು ಅವರನ್ನು ಹಿಡಿದೇ ಇರುತ್ತದೆ. ಅವರ ನಡಿಗೆಯಿಂದ ಹೊಸ ಕೀಲಿನ ಗುಣಾವಗುಣಗಳನ್ನು ಅಳೆಯಲಾಗದು. ಬೆನ್ನುಮೂಳೆಯ ಸಂಧಿವಾತದಿಂದ ಎರಡು ಸೊಂಟಗಳೂ ಬಿಗಿದುಹೋದ ತರುಣನಿಗಂತೂ ಒಂದರ ಚಿಕಿತ್ಸೆ ಅರ್ಧ ಚಿಕಿತ್ಸೆಯೂ ಅಲ್ಲ.

ಮುಂದಿನ ದಶಕಗಳ ವರದಿಗಳು ಬಹುಮಟ್ಟಿಗೆ ಅನುಕೂಲವಾಗಿಯೇ ಇವೆ. ಅರಿವಳಿಕೆ ಒಮ್ಮೆ, ಆಸ್ಪತ್ರೆವಾಸ ಒಟ್ಟಾರೆ ಕಡಿಮೆ. ರಕ್ತನಷ್ಟ ಮಾತ್ರ ಹೆಚ್ಚು. ಅದನ್ನು ಈಚೆಗೆ ಟ್ರಾನೆಕ್ಸಾಮಿಕ್ ಆಮ್ಲ ತಗ್ಗಿಸಿದೆ. ಆದರೆ ಇತಿಹಾಸದ ವಿದ್ಯಾರ್ಥಿ ಇಲ್ಲಿ ತಡೆದು ನಿಲ್ಲಬೇಕು. ಒಮ್ಮೆಗೇ ಎರಡನ್ನೂ ಮಾಡಲು ವೈದ್ಯರು ಆರಿಸುವುದು ಹೃದಯ ಶ್ವಾಸಕೋಶಗಳು ಗಟ್ಟಿಯಾಗಿರುವ, ಸಾಮಾನ್ಯವಾಗಿ ಕಿರಿಯ ವಯಸ್ಸಿನ ರೋಗಿಗಳನ್ನು. ಅಶಕ್ತರು ಎರಡು ಸಲಕ್ಕೆ ಹೋಗುತ್ತಾರೆ. ಈ ಎರಡು ಗುಂಪುಗಳ ಫಲಿತಾಂಶಗಳನ್ನು ಹಾಗೆಯೇ ಎದುರುಬದುರು ಇರಿಸುವುದು, ಗೆದ್ದವನ ಶಾಸನವೊಂದನ್ನೇ ನೆಚ್ಚಿ ಯುದ್ಧದ ವೃತ್ತಾಂತ ಬರೆದಂತೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಮೊದಲ ಕೀಲು ಮುಗಿದಾಗ ರೋಗಿಯ ರಕ್ತದೊತ್ತಡವೋ ಉಸಿರೋ ಕುಸಿದರೆ, ಅರಿವಳಿಕೆ ವೈದ್ಯರ ಮಾತಿನಂತೆ ಎರಡನೆಯದನ್ನು ಮುಂದೂಡುತ್ತಾರೆ. ಆ ರೋಗಿಯನ್ನು ಯಾವ ಪಟ್ಟಿಗೆ ಸೇರಿಸಬೇಕು? ಎರಡು ಸಲ ಮಾಡಿಸಿಕೊಂಡವರ ಪಟ್ಟಿಗೆ ಸೇರಿಸಿದರೆ, ಒಮ್ಮೆಗೇ ಮಾಡಹೊರಟುದರ ಕಷ್ಟ ಇನ್ನೊಂದು ಪದ್ಧತಿಯ ಲೆಕ್ಕಕ್ಕೆ ಬೀಳುತ್ತದೆ.